ನಾಲ್ಕು ಕಣ್ಣಿನ ಕಾಯಿ

ಡಾಕ್ಟರಿಗೆ ಕನ್ನಡಕ ಇತ್ತೋ ಇಲ್ಲವೋ, ಈಗ ಎರಡು ಬಗೆಯ ಮುಖವೂ ನೆನಪಾಗುತ್ತದೆ. ತಿಪಟೂರಿಗೆ ಹೃದಯ ನೋಡುವ ಎಕೋ ಯಂತ್ರ ತಂದಿದ್ದ ಆ ಡಾಕ್ಟರು ತಂಗಿಯ ಎದೆಯನ್ನು ಮೂರು ಸಲ ಪರೀಕ್ಷಿಸಿದ್ದು ಮಾತ್ರ ನಿಜ. ಪ್ರತಿ ಸಲವೂ "ಇನ್ನೊಂದ್ಸಲ ನೋಡೋಣ" ಎನ್ನುತ್ತಿದ್ದರು. ಕೊನೆಗೆ, ಅವರಿಗೆಂದೇ ನಾವು ಒಯ್ದಿದ್ದ ತೆಂಗಿನಕಾಯಿಯ ಜುಟ್ಟು ಕಿತ್ತು ಅದರ ಮೂರು ಕಣ್ಣು ತೋರಿಸಿದರು.

"ಹೃದಯದ ಈ ಕವಾಟಕ್ಕೂ ಹಿಂಗೇ ಮೂರು ಎಸಳಿರಬೇಕು. ಇವಳಿಗೆ ನಾಲ್ಕಿವೆ."

ಅಪ್ಪನ ಮುಖ ಅರಳಿತು. "ನಾಲ್ಕು ಕಣ್ಣಿನ ಕಾಯಿ ಸಿಕ್ರೆ ದೇವ್ರ ಗೂಡಲ್ಲಿ ಇಟ್ಕತೀವಿ ಡಾಕ್ಟ್ರೇ. ಒಳ್ಳೇದೇ ಅಲ್ವಾ?"

ಡಾಕ್ಟರು ನಗಲಿಲ್ಲ. "ಇದು ಸೋರ್ತಿದೆ ಕಣಪ್ಪ. ಬೇಗ ಆಪರೇಷನ್ ಆಗ್ಬೇಕು."

ಅಪ್ಪ ಒಪ್ಪಲಿಲ್ಲ. ಮರುವರ್ಷ ಡಾಕ್ಟರು ಮತ್ತೆ ತಿಪಟೂರಿಗೆ ಬಂದಾಗ, ತಂಗಿ ತೀರಿಕೊಂಡದ್ದನ್ನು ಹೇಳಲು ಅಪ್ಪ ಒಬ್ಬನೇ ಹೋಗಿದ್ದ. ಅವರು ಏನೆಂದರೋ ನನಗೆ ಗೊತ್ತಿಲ್ಲ.