ಕತ್ತಿ ಕಾಣದ ಡೈನೋಸಾರ್

೨೦೦೨ರಲ್ಲಿ ನಾನು ಹಾಸನದ ಬೇಕರಿಯೊಂದರಲ್ಲಿ ಕೇಕ್ ಮಾಸ್ಟರ್. ಹುದ್ದೆಯ ಹೆಸರು ದೊಡ್ಡದು. ಅಧೀನದಲ್ಲಿದ್ದದ್ದು ಒಂದೇ ಓವನ್, ಅದೂ ಅದಕ್ಕೆ ಮನಸ್ಸು ಬಂದ ದಿನ ಮಾತ್ರ.

ಹೊಳೆನರಸೀಪುರದ ಹೈಸ್ಕೂಲ್ ಮೇಷ್ಟ್ರೊಬ್ಬರು ಬಂದು, ಮಗಳು ಮೇಧಾಳ ಆರನೇ ಹುಟ್ಟುಹಬ್ಬಕ್ಕೆ ಡೈನೋಸಾರ್ ಕೇಕ್ ಬೇಕೆಂದರು. ಮಗುವಿಗೆ ಹೃದಯದ ಆಪರೇಷನ್ ಆಗಿ ಮೂರು ತಿಂಗಳಾಗಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ. "ಮೊಟ್ಟೆ ಹಾಕಬೇಡಿ, ನಮ್ಮ ತಂದೆ ಅರ್ಚಕರು" ಎಂದು, ಮಗು ಬಿಡಿಸಿದ ಚಿತ್ರ ಕೊಟ್ಟರು. ಪ್ರಾಣಿಗೆ ಐದು ಕಾಲಿದ್ದವು. ಐದನೆಯದು ಬಾಲವೆಂದು ತೀರ್ಮಾನಿಸಿದೆ.

ಮೊಟ್ಟೆಯಿಲ್ಲದ ಕೇಕಿಗೆ ಕಂಡೆನ್ಸ್ಡ್ ಮಿಲ್ಕ್ ಹಾಕುತ್ತೇವೆ. ರುಚಿಗೆ ಮೋಸವಿಲ್ಲ, ಆಕಾರ ಕೊರೆಯಹೋದರೆ ಉದುರುತ್ತದೆ. ಕತ್ತು ಎರಡು ಸಲ ಮುರಿದುಬಿತ್ತು. ಮೂರನೆಯ ಸಲ ಕೇಕಿನ ಪುಡಿಯನ್ನು ಬೆಣ್ಣೆ ಐಸಿಂಗಿನಲ್ಲಿ ಕಲಸಿ ಬಿದಿರು ಕಡ್ಡಿಯ ಸುತ್ತ ಮೆತ್ತಿದೆ. ಪೀಠಕ್ಕೆ ಕೇಕಿನದೇ ಹಸಿರು ಗುಡ್ಡ. ಅಲ್ಲಿಗೆ ನಿಲ್ಲಿಸಬಹುದಿತ್ತು. ಕಸುಬಿನ ಅಹಂಕಾರ ಬಿಡಲಿಲ್ಲ. ಕೊಯ್ದಾಗ ನಿಜದ್ದೆನ್ನಿಸಲಿ ಎಂದು ಹೊಟ್ಟೆಯೊಳಗೆ ಕೆಂಪು ಜಾಮ್ ಧಾರಾಳವಾಗಿ ತುಂಬಿದೆ.

ವ್ಯಾನಿನಲ್ಲಿ ಮಡಿಲ ಮೇಲಿಟ್ಟುಕೊಂಡು ಹೊರಟೆ. ಡ್ರೈವರ್ ರಂಗಪ್ಪ ಓರೆಗಣ್ಣಿನಲ್ಲಿ ನೋಡಿದ. "ಇದೇನ್ಸಾ, ಉಡನಾ?"

"ಡೈನೋಸಾರ್ ಕಣಪ್ಪ."

"ಏನಾರ ಆಗ್ಲಿ, ಕತ್ತು ಇಡ್ಕಳಿ ಸಾ, ಮುಂದೆ ಗುಂಡಿ ಐತೆ."

ಮನೆಯಲ್ಲಿ ನೆಂಟರು ಸೇರಿದ್ದರು, ಮೇಷ್ಟ್ರ ತಂದೆ ಅರ್ಚಕರೂ ಇದ್ದರು. ಮೇಧಾ ಕೇಕನ್ನು ಬಹಳ ಹೊತ್ತು ನೋಡಿ, ಮೆಲ್ಲಗೆ ಅದರ ಬೆನ್ನು ಸವರಿದಳು. ಮೇಷ್ಟ್ರು ರಿಬ್ಬನ್ ಕಟ್ಟಿದ ಚಾಕು ಕೈಗಿಟ್ಟರು. ಅವಳ ಎಡಗೈ ತಾನಾಗಿ ಫ್ರಾಕಿನ ಎದೆಗೆ ಹೋಯಿತು.

"ಇದಕ್ಕೂ ಎದೆ ಕೊಯ್ತಾರಾ, ತಾತ?"

"ಬರೀ ಕೇಕು ಪುಟ್ಟಿ, ಹಾಕು" ಎಂದು ಮೇಷ್ಟ್ರು ಅವಳ ಕೈ ಹಿಡಿದರು. ಒಳಗೇನಿದೆ ಎಂದು ಗೊತ್ತಿದ್ದವನು ಆ ಕೋಣೆಯಲ್ಲಿ ನಾನೊಬ್ಬನೇ.

"ಸ್ವಲ್ಪ ತಡೀರಿ ಸಾರ್" ಎಂದವನೇ ಅರ್ಚಕರನ್ನು ಪಡಸಾಲೆಗೆ ಕರೆದು ವಿಷಯ ಒಪ್ಪಿಸಿದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಿಮಗೆ ಬೇರೆ ಬಣ್ಣ ಸಿಗಲಿಲ್ವೇ?"

ಅವರು ಒಳಗೆ ಹೋಗಿ ಮೊಮ್ಮಗಳ ಪಕ್ಕ ಕುಳಿತರು. "ಗಣಪತೀನ ಕತ್ತರಿಸ್ತೀವೇನಮ್ಮ? ಆರತಿ ಎತ್ತಿ ಹೊಳೆಗೆ ಬಿಡ್ತೀವಿ. ಇವನೂ ಹಾಗೇ. ನೀನು ಗುಡ್ಡ ಕತ್ತರಿಸು."

ಗುಡ್ಡದಲ್ಲಿ ಜಾಮ್ ಇರಲಿಲ್ಲ. ಎಲ್ಲರೂ ತಿಂದರು, ಮೇಧಾ ಎರಡು ಸಲ ಹಾಕಿಸಿಕೊಂಡಳು.

ಸಂಜೆ ಆರತಿಯಾಗಿ ಮೆರವಣಿಗೆ ಹೊರಟಿತು. ಮೂರ್ತಿ ಹೊರುವ ಕೆಲಸ ಮೂರ್ತಿ ಮಾಡಿದವನದೇ ಎಂದು ಅರ್ಚಕರ ಅಪ್ಪಣೆ. ತಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಡೈನೋಸಾರ್. ದಾರಿಯಲ್ಲಿ ಇಬ್ಬರು ಕೈಮುಗಿದರು. ಹೇಮಾವತಿಯಲ್ಲಿ ನೀರು ಸೊಂಟದವರೆಗಿತ್ತು. ನಾನು ಉಳಿದವರೆಲ್ಲ ನಿಂತಿದ್ದ ಹೊಳೆಯ ಮೆಟ್ಟಿಲ ಕಡೆ ಬೆನ್ನು ಮಾಡಿ ನಿಂತು ಇಳಿಸಿದೆ. ಕತ್ತು ಮೊದಲು ಹೋಯಿತು, ಹೊಟ್ಟೆ ಆಮೇಲೆ. ನೀರು ಕೆಂಪಾದದ್ದನ್ನು ನಾನೊಬ್ಬನೇ ನೋಡಿದೆ. ಅದು ತಿಳಿಯಾಗುವವರೆಗೆ ಜಾಗ ಬಿಟ್ಟು ಕದಲಲಿಲ್ಲ.

"ಹೋಯ್ತಾ ಮಾಮ?" ಮೆಟ್ಟಿಲಿಂದ ಮೇಧಾ ಕೂಗಿದಳು.

"ಹೋಯ್ತಮ್ಮ."

"ನೋವಾಯ್ತಾ?"

"ಇಲ್ಲ" ಎಂದೆ. ತಿರುಗಲಿಲ್ಲ.

ಅಲ್ಲಿಂದಾಚೆ ನಿವೃತ್ತಿಯಾಗುವವರೆಗೂ ಆರ್ಡರ್ ಬರೆದುಕೊಳ್ಳುವಾಗ ತೂಕ, ಬಣ್ಣ, ಹೆಸರು ಆದ ಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ: ಚಾಕು ಹಿಡಿಯುವವರು ಯಾರು? ಗಿರಾಕಿಗಳು ನಗುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ.