ತೊಳೆದು ಬಂದ ಊಟದ ಡಬ್ಬಿ

ಡೆಟ್ರಾಯಿಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹೊರಗೆ ನೀರು ಗಡ್ಡೆಕಟ್ಟುವ ಚಳಿ, ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್. ಇಂದುಮತಿ ಸ್ವೆಟರಿನ ಮೇಲೆ ಶಾಲು ಹೊದ್ದು, ಕಿವಿಗೆ ಹೆಡ್‌ಫೋನ್ ಏರಿಸಿ ಬೇಸ್‌ಮೆಂಟಿನ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ತೆರೆಯ ಮೇಲೆ ಜಪಾನಿ ಕಾರ್ಟೂನೊಂದರ ಇಬ್ಬರು ಶಾಲಾ ಹುಡುಗಿಯರು ರೈಲಿಗೆ ಕಾಯುತ್ತ ಒಂದೇ ಬನ್ನನ್ನು ಹಂಚಿಕೊಂಡು ತಿನ್ನುತ್ತಿದ್ದಾರೆ. ಒಬ್ಬಳು ಬಾಯಿ ತೆರೆದ ಕ್ಷಣಕ್ಕೆ ಸರಿಯಾಗಿ ಕೆಳಗೆ ಇಂಗ್ಲಿಷ್ ಸಾಲು ಮೂಡಬೇಕು, ನೋಡುವವರು ಓದಿ ಮುಗಿಸುವಷ್ಟು ನಿಲ್ಲಬೇಕು, ದೃಶ್ಯ ಬದಲಾಗುವ ಮೊದಲು ಮರೆಯಾಗಬೇಕು. ಅದನ್ನು ಹೊಂದಿಸುವುದು ಇವರ ಕೆಲಸ.

"ಚೆನ್ನಾಗಿ ಮಾಡಿದ್ರೆ ಯಾರಿಗೂ ಗೊತ್ತಾಗಲ್ಲ. ಕೆಟ್ಟರೆ ಮಾತ್ರ ಎಲ್ಲರಿಗೂ ಗೊತ್ತಾಗತ್ತೆ. ಹುಳಿಗೆ ಉಪ್ಪು ಹಾಕಿದ ಹಾಗೆ," ಎಂದು ನಗುತ್ತಾರೆ.

ಒಂದೊಂದು ಕಂತಿನಲ್ಲೂ ಮುನ್ನೂರಕ್ಕೂ ಹೆಚ್ಚು ಸಾಲು. ಮಧ್ಯಾಹ್ನದ ಹೊತ್ತಿಗೆ ಒಂದು ಕಂತು ಮುಗಿಯುತ್ತದೆ. ಕೊನೆಯಲ್ಲಿ ಸರಸರನೆ ಓಡುವ ಹೆಸರುಗಳಲ್ಲಿ ಇವರ ಹೆಸರಿಲ್ಲ. ಅನಿಮೆ ಎಂದರೆ ದೊಡ್ಡ ಕಣ್ಣಿನ ಕಾರ್ಟೂನು, ಮಕ್ಕಳ ಕಾಲಹರಣ ಎಂದು ಮೂಗು ಮುರಿಯುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರನ್ನೆಲ್ಲ ಒಂದು ಬೆಳಗ್ಗೆ ಈ ಬೇಸ್‌ಮೆಂಟಿನಲ್ಲಿ ಕೂರಿಸಬೇಕು.

ಮೈಸೂರಿನ ಇಂದುಮತಿ ಜಪಾನಿ ಕಲಿತದ್ದು ಬೆಂಗಳೂರಿನ ಗಡಿಯಾರದ ಕಾರ್ಖಾನೆಯಲ್ಲಿ, ಅಲ್ಲಿಗೆ ಬರುತ್ತಿದ್ದ ಜಪಾನಿ ಎಂಜಿನಿಯರುಗಳಿಂದ. ಮದುವೆಯಾಗಿ ಮಿಷಿಗನ್‌ಗೆ ಬಂದ ಮೇಲೆ ಆ ಭಾಷೆ ಬಹುಕಾಲ ಅಟ್ಟ ಸೇರಿತ್ತು. ಮಗಳು ಜಾನ್ವಿ ಟಿವಿ ಮುಂದೆ ಅನಿಮೆ ನೋಡುವಾಗ ಇವರು ಅಡುಗೆಮನೆಯಿಂದಲೇ "ಸಾಲು ತಡವಾಗಿ ಬಂತು, ಅವನು ಆಗಲೇ ಹೇಳಿ ಆಯ್ತು" ಎಂದು ಗೊಣಗುತ್ತಿದ್ದರಂತೆ. "ಅಮ್ಮಾ, ಯೂ ಶುಡ್ ಅಪ್ಲೈ," ಎಂದಳು ಮಗಳು. ಇವರು ಸಬ್‌ಟೈಟಲ್ ಹಾಕುವ ಕಂಪನಿಯೊಂದಕ್ಕೆ ಅಪ್ಲೈ ಮಾಡಿದರು.

ಇವರ ಕಂಪನಿ ಹಳೆಯ ಸರಣಿಗಳನ್ನೂ ಡಿವಿಡಿಗೆ ತರುತ್ತದೆ. ಹಾಗಾಗಿ ಮೂವತ್ತು ವರ್ಷಗಳ ಜಪಾನು ಇವರ ಕಿವಿಯಲ್ಲಿ ಹಾದುಹೋಗಿದೆ.

"ಬೆಂಗಳೂರಿಗೆ ಬರ್ತಿದ್ದ ಆ ಎಂಜಿನಿಯರ್‌ಗಳ ನಡಿಗೇನೇ ಬೇರೆ ಇತ್ತು. ಜಗತ್ತನ್ನೇ ಕೊಂಡ್ಕೋತೀವಿ ಅನ್ನೋ ಥರ. ಆ ಕಾಲದ ಅನಿಮೇನೂ ಹಾಗೇ. ರೋಬೋಟು, ರಾಕೆಟ್ಟು, ಆಕಾಶ. ಆಮೇಲೆ ಅವರ ಷೇರು ಮಾರ್ಕೆಟ್ ಬಿತ್ತು ನೋಡಿ, ಹೀರೋಗಳು ಮುದುಡಿಕೊಂಡ್ರು. ರೂಮಿನ ಬಾಗಿಲು ಹಾಕ್ಕೊಂಡು, ಊಟದ ತಟ್ಟೆ ಹೊರಗಿಡಿ ಅನ್ನೋ ಹುಡುಗರು ಬಂದ್ರು. ಅದನ್ನ ಟೈಮ್ ಮಾಡೋದು ಕಷ್ಟ. ಮಾತಿಗಿಂತ ಮೌನಾನೇ ಜಾಸ್ತಿ."

ಈಗಿನವು? ತೆರೆಯ ಹುಡುಗಿಯರತ್ತ ಬೆರಳು ತೋರಿಸುತ್ತಾರೆ. "ಇದರಲ್ಲಿ ಕಥೇನೇ ಇಲ್ಲ. ಸ್ಕೂಲಿಗೆ ಹೋಗ್ತಾರೆ, ತಿಂತಾರೆ, ನಗ್ತಾರೆ, ಮನೆಗೆ ಬರ್ತಾರೆ. ಮೊದಲು ನಂಗೂ ಬೋರಾಗ್ತಿತ್ತು. ಅಲ್ಲಿ ಈಗಿನ ಹುಡುಗರಿಗೆ ಅಪ್ಪಂದಿರಿಗಿದ್ದಂಥ ಗಟ್ಟಿ ಕೆಲಸ ಸಿಕ್ತಿಲ್ಲ. ಇವತ್ತಿದ್ರೆ ನಾಳೆ ಇಲ್ಲ. ಅಂಥೋರಿಗೆ ಏನೂ ಆಗ್ದೇ ಇರೋ ದಿನಾನೇ ದೊಡ್ಡ ಕನಸು."

ಒಂದು ದೇಶ ಕಾರ್ಟೂನಿನಲ್ಲಿ ಪೂರ್ತಿ ಸಿಕ್ಕೀತೇ ಎಂದು ಕೇಳುತ್ತೇನೆ.

"ಪೂರ್ತಿ ಸಿಗಲ್ಲ. ಹೇಳ್ಕೊಳಕ್ಕೆ ನಾಚಿಕೆ ಆಗೋದು ಸಿಗತ್ತೆ."

ನಂತರ ಹೇಳುವುದು ಕಳೆದ ದೀಪಾವಳಿಯ ಮಾರನೆಯ ವಾರದ ಮಾತು. ಹತ್ತು ವರ್ಷ ಹಳೆಯ ಸರಣಿಯೊಂದರ ಕೆಲಸ ನಡೆದಿತ್ತು. ಅದರಲ್ಲೊಬ್ಬ ಅಪ್ಪ. ಕೆಲಸ ಹೋಗಿದೆ, ಮನೆಯಲ್ಲಿ ಹೇಳಿಲ್ಲ. ದಿನಾ ಸೂಟು ತೊಟ್ಟು ಹೊರಟು, ಪಾರ್ಕಿನ ಉಯ್ಯಾಲೆಯ ಮೇಲೆ ಒಬ್ಬನೇ ಕೂತು ಬುತ್ತಿ ಉಣ್ಣುತ್ತಾನೆ. ನಲ್ಲಿಯಲ್ಲಿ ಡಬ್ಬಿ ತೊಳೆಯುತ್ತಾನೆ. ಸಂಜೆ ಬಾಗಿಲಲ್ಲಿ ನಿಂತು "ಬಂದೆ" ಎನ್ನುತ್ತಾನೆ. ಆ ಒಂದು ಮಾತಿನ ಸಾಲು ಕೂರಲೊಲ್ಲದು. ಇಂದುಮತಿ ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ಕೇಳಿದರು.

ಕಾಫಿಗೆಂದು ಮೇಲೆ ಹೋದಾಗ ಸಿಂಕಿನ ಪಕ್ಕ ಗಂಡನ ಹಿಂದಿನ ದಿನದ ಡಬ್ಬಿ ಕಂಡಿತು. ತೊಳೆದಿತ್ತು. ಯೋಚಿಸಿದರೆ ಎಷ್ಟೋ ದಿನದಿಂದ ತೊಳೆದೇ ಬರುತ್ತಿತ್ತು. ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಜಗನ್ನಾಥ ಮದುವೆಯಾದಂದಿನಿಂದ ಒಂದು ಚಮಚ ತೊಳೆದವರಲ್ಲ.

"ಆ ಅಪ್ಪ ಎಷ್ಟೋ ಕಂತಾದ್ರೂ ಹೆಂಡ್ತಿಗೆ ಹೇಳೋದೇ ಇಲ್ಲ. ಕೊನೆಗೆ ಒಂದಿನ ಮನೆಗೇ ಬರಲ್ಲ."

ಮರುದಿನ ಇಂದುಮತಿ ಗಂಡನನ್ನು ಏನೂ ಕೇಳಲಿಲ್ಲ. ಇಬ್ಬರಿಗಾಗುವಷ್ಟು ಚಿತ್ರಾನ್ನ ಕಲಸಿದರು. ಜಗನ್ನಾಥ ಟೈ ಕಟ್ಟಿಕೊಂಡು ಗರಾಜಿಗೆ ಬಂದಾಗ ಹೆಂಡತಿ ಕೋಟು ತೊಟ್ಟು ಕಾರಿನಲ್ಲಿ ಕೂತಾಗಿತ್ತು. "ನಡೀರಿ, ನೀವು ಎಲ್ಲಿ ಕೂತ್ಕೋತೀರೋ ನಾನೂ ಅಲ್ಲಿಗೇ ಬರ್ತೀನಿ" ಎಂದರು.

ಅಷ್ಟು ಹೊತ್ತು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದ ಜಗನ್ನಾಥ ಇಲ್ಲಿ ಬಾಯಿ ಹಾಕುತ್ತಾರೆ. "ಇಪ್ಪತ್ತು ಮೈಲಿ ಡ್ರೈವ್ ಮಾಡಿದೆ. ಕೆರೆ ಹತ್ತಿರದ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದೆ, ದಿನಾ ನಿಲ್ಲಿಸೋ ಜಾಗ ಅದು. ಡಬ್ಬಿ ತೆಗೆದು ಕೈಗಿಟ್ಲು. ಅತ್ತುಬಿಟ್ಟೆ." ಡಬ್ಬಿ ಏಕೆ ತೊಳೆಯುತ್ತಿದ್ದಿರಿ ಎಂದರೆ, "ಟೈಮಿತ್ತಲ್ಲ! ಮಧ್ಯಾಹ್ನ ಲೈಬ್ರರಿಗೆ ಹೋಗಿ ಕೂರ್ತಿದ್ದೆ, ಅಲ್ಲಿ ಬಿಸಿನೀರೂ ಬರ್ತಿತ್ತು. ಇವಳಿಗೊಂದು ಕೆಲಸ ಕಮ್ಮಿ ಆಗ್ಲಿ ಅನ್ನಿಸ್ತು. ಅದರಲ್ಲೇ ಸಿಕ್ಕಿಬಿದ್ದೆ."

ಇದನ್ನು ಬರೆಯಬಹುದೇ ಎಂದು ಹಿಂಜರಿಯುತ್ತಲೇ ಕೇಳುತ್ತೇನೆ. "ಬರೀರಿ. ಅದೇ ಪಾರ್ಕಿಂಗ್‌ನಲ್ಲಿ ಟೈ ಕಟ್ಕೊಂಡು ಇನ್ನೂ ಕೂತಿರೋರಿದಾರೆ," ಎನ್ನುತ್ತಾರೆ ಜಗನ್ನಾಥ. ಕಾರು ಕಂಪನಿಗಳು ಜನರನ್ನು ಕೆಲಸದಿಂದ ತೆಗೆಯುತ್ತಿರುವ ಡೆಟ್ರಾಯಿಟ್ ಸುತ್ತ ಅಂಥ ಕಾರುಗಳು ಈ ಚಳಿಗಾಲ ಎಷ್ಟು ನಿಂತಿವೆಯೋ, ಯೋಚಿಸಿದರೆ ಸಂಕಟವಾಗುತ್ತದೆ.

ಕಿಟಕಿಯಲ್ಲಿ ಬೆಳಕು ಮೂಡಿದೆ. ಸೋಮವಾರ ಜಗನ್ನಾಥರಿಗೆ ಷಿಕಾಗೋ ಪಕ್ಕದ ವೆಸ್ಟ್‌ಮಂಟ್‌ನಲ್ಲಿ ಇಂಟರ್‌ವ್ಯೂ. ಹಿಂದಿನ ದಿನವೇ ಇಬ್ಬರೂ ಹೊರಟು, ಅಲ್ಲೇ ಹತ್ತಿರದ ಲೆಮಾಂಟ್ ದೇವಸ್ಥಾನದಲ್ಲಿ ಕೈಮುಗಿದು ಹೋಗುವವರಿದ್ದಾರೆ. ದೇವರಲ್ಲಿ ಏನು ಬೇಡಿಕೊಳ್ಳುತ್ತೀರಿ ಎಂದು ಕೇಳುತ್ತೇನೆ. ಇಂದುಮತಿ ಹೆಡ್‌ಫೋನನ್ನು ಮತ್ತೆ ಕಿವಿಗೆ ಏರಿಸುತ್ತ ಹೇಳುತ್ತಾರೆ:

"ದೊಡ್ಡದೇನೂ ಬೇಡ. ಸಂಜೆ ಇವರು ಕೆಲಸದಿಂದ ಸುಸ್ತಾಗಿ ಬರ್ಲಿ, ಡಬ್ಬಿ ಹಾಗೇ ಸಿಂಕಲ್ಲಿ ಎಸೀಲಿ. ನಾನು ಬೈಕೊಂಡು ತೊಳೀತೀನಿ."