ಮಳೆಯಕ್ಕನ ಧ್ವನಿ ಸಂದೇಶ

ದ್ರಾಕ್ಷಿ ಬೆಳೆಗಾರರ ಸಂಘದಲ್ಲಿ ಅವಳ ಕೆಲಸ ಒಂದೇ: ಹವಾಮಾನ ಇಲಾಖೆಯ ಸೂಚನೆ ಓದಿ ಮುನ್ನೂರು ತೋಟಗಳಿಗೆ ಧ್ವನಿ ಸಂದೇಶ ಕಳಿಸುವುದು. ಹತ್ತು ವರ್ಷದಿಂದ ಎಲ್ಲರಿಗೂ ಅವಳು ಮಳೆಯಕ್ಕ. ಹೋದ ವರ್ಷದವರೆಗೆ ಆ ಹೆಸರಿನಲ್ಲಿ ಅಕ್ಕರೆಯಿತ್ತು.

ಹೋದ ವರ್ಷ ಆಲಿಕಲ್ಲು ಬೀಳುತ್ತದೆಂದು ಹೇಳಿದಳು. ಎಲ್ಲರೂ ಒಂದೇ ದಿನ ಕೊಯ್ದು ಮಂಡಿಗೆ ಸುರಿದರು. ಬೆಲೆ ನೆಲಕಚ್ಚಿತು, ಆಕಾಶದಿಂದ ಒಂದು ಹನಿಯೂ ಬೀಳಲಿಲ್ಲ. ಸಂಘದ ಮೆಟ್ಟಿಲ ಮೇಲೆ ಒಬ್ಬ, "ಮಳೆಯಕ್ಕಾ, ಕೊಡೆ ತಂದಿದ್ದೀಯಾ?" ಎಂದ. ಜನ ನಕ್ಕರು.

ಈ ವರ್ಷ, ಕೊಯ್ಲಿಗೆ ಆರು ದಿನವಿರುವಾಗ, ಬೆಳಿಗ್ಗೆ ಹತ್ತಕ್ಕೆ ಮತ್ತೆ ಅದೇ ಸೂಚನೆ ಬಂತು: ಸಂಜೆ ಆಲಿಕಲ್ಲಿನ ಸಂಭವ. ಹೇಳಿದರೆ ಬೆಲೆ ಬೀಳುತ್ತದೆ, ಹೇಳದಿದ್ದರೆ ಬೆಳೆಯೇ ಹೋಗಬಹುದು. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಬಚ್ಚಲಿಗೆ ಹೋದಳು. ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಸುಮ್ಮನೆ ನಿಂತಳು.

ಕೊನೆಗೆ, ಎರಡೆಕರೆ ತೋಟವಿದ್ದ ಅಣ್ಣನಿಗೆ ಫೋನ್ ಮಾಡಿದಳು.

"ಅಣ್ಣಾ, ಸಂಜೆ ಆಲಿಕಲ್ಲು ಬೀಳಬಹುದು ಅಂತಿದೆ."

"ಬೀಳುತ್ತಾ, ಬೀಳಬಹುದಾ?"

"ಗೊತ್ತಿಲ್ಲ. ನಂಗೆ ಭಯ ಆಗ್ತಿದೆ."

"ಭಯ ಆಮೇಲೆ ಪಡು. ಈಗ ನಾನೇನ್ ಮಾಡ್ಲಿ, ಅದನ್ನ ಹೇಳು."

ಕಿಟಕಿಯಾಚೆ ಸಂಘದ ಕೋಲ್ಡ್ ಸ್ಟೋರೇಜ್ ಕಾಣುತ್ತಿತ್ತು. ಎಲ್ಲರ ಬೆಳೆಯಲ್ಲಿ ಅರ್ಧ ಹಿಡಿಸಬಹುದು, ಅಷ್ಟೇ.

"ಹದಕ್ಕೆ ಬಂದ ಸಾಲು ಮಾತ್ರ ಕೊಯ್ಯಿ, ಅರ್ಧ ಬಿಡು. ಕೊಯ್ದದ್ದು ಮಂಡಿಗೆ ಬೇಡ, ಇಲ್ಲಿಗೆ ತಂದಿಡು. ಬಿದ್ರೆ ಅರ್ಧ ಬೆಳೆನಾದ್ರೂ ಉಳಿಯುತ್ತೆ, ಬೀಳದಿದ್ರೆ ಬೆಲೆ ಉಳಿಯುತ್ತೆ."

ಅಣ್ಣ ಫೋನಿಟ್ಟ.

ಅದೇ ಮಾತನ್ನು ಎಲ್ಲರಿಗೂ ಹೇಳಲು ಕೂತಳು. ಧ್ವನಿ ನಡುಗಿತೆಂದು ಎರಡು ಸಲ ಅಳಿಸಿದಳು. ಮೂರನೆಯ ಸಲ ನಡುಗುತ್ತಲೇ ಕಳಿಸಿದಳು: "ಖಂಡಿತ ಅಂತ ನಾನು ಹೇಳ್ತಿಲ್ಲ."

ಮಧ್ಯಾಹ್ನವಿಡೀ ಸುಡುಬಿಸಿಲು. ಕ್ರೇಟು ಹೊತ್ತ ಟ್ರ್ಯಾಕ್ಟರುಗಳು ಒಂದೊಂದಾಗಿ ಬಂದವು. ಯಾರೂ ಅವಳತ್ತ ತಿರುಗಿ ನೋಡಲಿಲ್ಲ. ಮೂರು ಗಂಟೆಗೂ ಮೋಡವಿಲ್ಲ. ಮೆಟ್ಟಿಲ ಮೇಲಿನ ಆ ನಗು ಕಿವಿಯಲ್ಲೇ ಇತ್ತು. ರಾಜೀನಾಮೆ ಬರೆಯಲು ಕಾಗದ ತೆಗೆದಳು.

ನಾಲ್ಕೂವರೆಗೆ ಗಾಳಿ ಎದ್ದಿತು. ತಗಡಿನ ಮಾಡಿನ ಮೇಲೆ ಕಲ್ಲು ಎಸೆದಂತೆ ಸದ್ದು. ಅವಳು ಕಿವಿ ಮುಚ್ಚಿಕೊಂಡು ಗೋಡೆಗೊರಗಿದಳು. ಎಂಟೇ ನಿಮಿಷ, ಆಲಿಕಲ್ಲು ನಿಂತಿತು.

ಅಣ್ಣ ಒದ್ದೆಯಾಗಿ ಬಂದ. "ಬಿಟ್ಟ ಅರ್ಧ ಹೋಯ್ತು."

"ಪೂರ್ತಿ ಕೊಯ್ಯಿ ಅನ್ನಬೇಕಿತ್ತಾ?"

"ಅಂದಿದ್ರೆ, ಹೋದ ವರ್ಷದ್ದು ನೆನೆದು ನಾನು ಒಂದು ಗೊಂಚಲೂ ಕೊಯ್ತಿರ್ಲಿಲ್ಲ."

ಒಳಗಿಟ್ಟ ಹಣ್ಣನ್ನು ಬೆಳೆಗಾರರು ಮೂರು ವಾರ ಸ್ವಲ್ಪಸ್ವಲ್ಪವಾಗಿ, ಒಳ್ಳೆಯ ಬೆಲೆಗೆ ಮಾರಿದರು. ಈ ಕೆಲಸಕ್ಕೆ ತನ್ನ ಜೊತೆ ಇನ್ನೊಬ್ಬರನ್ನು ಕೊಡಿ ಎಂದು ಅವಳು ಸಂಘವನ್ನು ಕೇಳಿದಳು, ಕೊಡಲಿಲ್ಲ. ಆಲಿಕಲ್ಲು ಬಿದ್ದ ಹನ್ನೊಂದನೆಯ ದಿನ ಮತ್ತೊಂದು ಸೂಚನೆ ಬಂತು. ಭಯ ಹೋಗಿರಲಿಲ್ಲ. ಆದರೂ ಫೋನ್ ಎತ್ತಿಕೊಂಡಳು.